ಗೇಟಿನ ಎತ್ತರ

"ಗೇಟು ಎತ್ತೋನೂ ನೀನೇ, ಇಳಿಸೋನೂ ನೀನೇ. ಇನ್ಯಾರು ಅದಕ್ಕೆ ಕೈ ಹಾಕ್ತಾರೆ?" ಸೂಳೆಕೆರೆ ಕಾಲುವೆಯ ತುದಿಯಲ್ಲಿ ಹೊಲವಿದ್ದು ನೀರು ಸಿಗದ ಚಿಕ್ಕಹನುಮಂತಪ್ಪ, ಕಾಲುವೆಯ ಗೇಟು ನೋಡಿಕೊಳ್ಳುವ ನೀರುಗಂಟಿ ಗೌಸ್‌ಪೀರ್‌ನನ್ನು ಕೆಲಸದಿಂದ ತೆಗೆಯಬೇಕೆಂಬ ಅರ್ಜಿಯನ್ನು ನೀರು ಬಳಕೆದಾರರ ಸಂಘದ ಮೇಜಿನ ಮೇಲಿಟ್ಟ.

"ಮೂರಡಿ ಎತ್ತಿಟ್ಟೇ ಬಂದೀನಿ, ಯಜಮಾನ್ರೇ," ಎಂದ ಗೌಸ್‌ಪೀರ್.

ಸಂಘದ ಕಂಪ್ಯೂಟರ್ ನೋಡಿಕೊಳ್ಳುವ ಯಶೋಧರಾ ತಲೆಯೆತ್ತಲಿಲ್ಲ. ಗೇಟಿಗೆ ಕೂರಿಸಿದ ಸೆನ್ಸರ್ ಕಳಿಸುವ ಎತ್ತರವನ್ನು ತೋರಿಸುವ ಪುಟ, ತೆರೆದ ಕ್ಷಣದ ಅಂಕಿಯಲ್ಲೇ ನಿಂತುಬಿಡುತ್ತಿತ್ತು. ತಪ್ಪು ಈಗ ಸಿಕ್ಕಿತ್ತು. ಬಂದ ಕೋರಿಕೆಗಳನ್ನೆಲ್ಲ ಸಾಮಾನ್ಯ ಪುಟದ್ದೆಂದೇ ಕಳಿಸುವ ನಿಯಮವನ್ನು ಅವಳೇ ವೆಬ್ ಸರ್ವರಿನಲ್ಲಿ ಎಲ್ಲಕ್ಕಿಂತ ಮೇಲೆ ಬರೆದಿದ್ದಳು. ಅಂಕಿಗಳನ್ನು ಎಡೆಬಿಡದೆ ತರುವ ವೆಬ್‌ಸಾಕೆಟ್‌ಗೆ ಬೇರೆ ದಾರಿ ತೋರಿಸುವ ನಿಯಮ ಅದರ ಕೆಳಗೆ ಸರದಿಯೇ ಬಾರದೆ ಬಿದ್ದಿತ್ತು.

"ಮೇಲಿನೋರೇ ಎಲ್ಲಾ ತಗೊಂಡ್ರೆ ಕೆಳಗಿನೋರಿಗೆ ಎಲ್ಲಿ ಸಿಗ್ತೈತೆ," ಎನ್ನುತ್ತ ಅವಳು ಆ ಕೆಳಗಿನ ನಿಯಮದ ಸಾಲುಗಳನ್ನು ಮೇಲಕ್ಕೆ ತಂದು ಸರ್ವರನ್ನು ಮತ್ತೆ ಶುರುಮಾಡಿದಳು.

ಪರದೆಯ ಮೇಲೆ ಮೂರಡಿ ಕಾಣಿಸಿತು. ಸ್ವಲ್ಪ ಹೊತ್ತಿಗೆ ಅದು ಎರಡೂಮುಕ್ಕಾಲಾಯಿತು, ಆಮೇಲೆ ಎರಡೂವರೆ. ಚಿಕ್ಕಹನುಮಂತಪ್ಪ ಪರದೆಯನ್ನು ನೋಡಿದ, ಎದುರಿಗೇ ನಿಂತಿದ್ದ ಗೌಸ್‌ಪೀರ್‌ನನ್ನು ನೋಡಿದ. ಅಂಕಿ ಎರಡಕ್ಕೆ ಇಳಿಯಿತು.

"ಬೈಕ್ ತೆಗೀರಿ, ಗೌಸಣ್ಣ," ಎಂದ. "ಯಾರು ಇಳಿಸ್ತಿದಾರೆ ನೋಡಾಣ."