ಇಪ್ಪತ್ತನಾಲ್ಕೂವರೆ ಪೌಂಡಿನ ಗೆಂಡೆ

"ಅಯ್ಯಯ್ಯೋ, ಬಾಯಿಗಲ್ಲ, ರೆಕ್ಕೆಗೆ!" ಎಂದು ಗೋಪಿನಾಥ ಕೂಗಿಕೊಂಡಾಗ ಇನಾಯತುಲ್ಲಾ ಬಗ್ಗಿ ನೋಡಿದ. ಕೈಬಲೆಯೊಳಗೆ ಒದ್ದಾಡುತ್ತಿದ್ದದ್ದು ಅಂತಿಂಥ ಮೀನಲ್ಲ. ದಿಂಬಿನಷ್ಟು ದಪ್ಪದ ಗೆಂಡೆ. ಆದರೆ ಗಾಳದ ಕೊಕ್ಕೆ ಅದರ ತುಟಿಯಲ್ಲಿರಲಿಲ್ಲ, ಹೊಟ್ಟೆಯ ಪಕ್ಕದ ರೆಕ್ಕೆಗೆ ಚುಚ್ಚಿಕೊಂಡಿತ್ತು.

ಗೋಪಿನಾಥ ಹುಟ್ಟಾ ಸಸ್ಯಾಹಾರಿ. ಅಮೆರಿಕದ ಮೀನುಗಾರರ ಕ್ಲಬ್ಬೊಂದರ ವಾರ್ಷಿಕ ಸ್ಪರ್ಧೆಯಲ್ಲಿ ಆಫೀಸಿನ ಗೆಳೆಯ ಇನಾಯತುಲ್ಲಾನಿಗೆ ಬಲೆ ಹಿಡಿದುಕೊಳ್ಳಲೆಂದು ಶನಿವಾರದ ನಿದ್ದೆ ಬಿಟ್ಟು, ಮಾರಿಸ್‌ವಿಲ್ ಊರಿನಿಂದ ಅವನ ಕಾರಿನಲ್ಲೇ ಬಂದವನು. ಮೀನು ಹಿಡಿಯುವ ವಿಷಯದಲ್ಲಿ ಅವನಿಗೆ ಗೊತ್ತಿದ್ದದ್ದು ಒಂದೇ ನಿಯಮ, ಅದೂ ಅಂದೇ ಬೆಳಿಗ್ಗೆ ಕಲಿತದ್ದು. ಪಕ್ಕದ ಜಾಗದಲ್ಲಿ ಕೂತ ಮುದುಕ ವಾಲ್ಟರ್‌ನ ಗಾಳಕ್ಕೆ ಮೊದಲು ಸಿಕ್ಕಿದ ಮೀನು ಬಾಲದ ಹತ್ತಿರ ಸಿಕ್ಕಿಕೊಂಡಿತ್ತು. ಅವನು ಅದನ್ನು ಇಬ್ಬರಿಗೂ ತೋರಿಸಿ, ತೂಕಕ್ಕೂ ಹಾಕದೆ ನೀರಿಗೆ ಬಿಟ್ಟುಬಿಟ್ಟಿದ್ದ. "ಅದೇ ಬಾಯಿ ಹಾಕಿ ತಿಂದರೆ ನಾನು ಹಿಡಿದ ಹಾಗೆ. ಮೈಗೆ ಸಿಕ್ಕಿಕೊಂಡರೆ ಬರೀ ಆಕ್ಸಿಡೆಂಟು. ಲೆಕ್ಕಕ್ಕಿಲ್ಲ" ಎಂದಿದ್ದ.

ಮೊಣಕಾಲುದ್ದ ನೀರಿನ ಕೆರೆ ಅದು. ಅಲ್ಲಿ ಇಂಥ ಆಕ್ಸಿಡೆಂಟು ಆಗದಿದ್ದರೇ ಆಶ್ಚರ್ಯ. ಅದರ ಮೇಲೆ ಇನಾಯತುಲ್ಲಾ ಎರಚಿದ್ದು ಬೆಲ್ಲ ಹಾಕಿ ನಾದಿದ ರಾಗಿ ಮುದ್ದೆ, ಮೈಸೂರಿನ ಕೆರೆಗಳಲ್ಲಿ ಅವನ ಅಬ್ಬಾ ಕಲಿಸಿದ ವಿದ್ಯೆ. ಅಮೆರಿಕದ ಗೆಂಡೆಗಳಿಗೂ ಮುದ್ದೆಯ ರುಚಿ ಹತ್ತಿ, ಒಂದರ ಮೇಲೊಂದು ಬಿದ್ದು ಮುತ್ತಿಕೊಂಡಿದ್ದವು. ಅಂಥಾ ನೂಕುನುಗ್ಗಲಿನಲ್ಲಿ ಕೊಕ್ಕೆ ಯಾರ ಮೈಗೆ ತಾಗುತ್ತದೋ ಯಾರಿಗೆ ಗೊತ್ತು!

ಸ್ಪರ್ಧೆ ಮುಗಿಯಲು ಇನ್ನು ಹತ್ತೇ ನಿಮಿಷ. ಇಪ್ಪತ್ತೆರಡು ಪೌಂಡಿನ ಮೀನು ಹಿಡಿದು ವಾಲ್ಟರ್ ಮುಂದಿದ್ದ. ಒಂಬತ್ತು ವರ್ಷದಿಂದ ತಪ್ಪದೆ ಬರುತ್ತಿದ್ದರೂ ಒಮ್ಮೆಯೂ ಗೆಲ್ಲದ ಮನುಷ್ಯ. ಇನಾಯತುಲ್ಲಾನ ಕಣ್ಣು ಮಾತ್ರ ಕ್ಲಬ್ಬಿನ ಶೆಡ್ಡಿನಲ್ಲಿ ತೂಗುಹಾಕಿದ್ದ ಮರದ ಹಲಗೆಯ ಮೇಲಿತ್ತು. ಗೆದ್ದವರ ಹೆಸರನ್ನೆಲ್ಲ ಅದರಲ್ಲಿ ಕೆತ್ತುತ್ತಾರೆ. ಜಿಮ್, ಬಾಬ್, ರಾನ್‌ಗಳ ಕೆಳಗೆ '೧೯೯೭, ಇನಾಯತುಲ್ಲಾ' ಎಂದು ಬಂದರೆ ಹೇಗಿರುತ್ತದೆ ಎಂದು ಅವನು ಮೂರು ವರ್ಷದಿಂದ ಕನಸು ಕಾಣುತ್ತಿದ್ದ. ಕ್ರಿಕೆಟ್ ಟೀಮಿನ ಕನ್ನಡಿಗ ಗೆಳೆಯರಿಗೆಲ್ಲ "ಈ ಸಲ ಕಪ್ ನಂದೇ, ಎಲ್ರೂ ಬನ್ನಿ" ಎಂದು ಡಂಗುರ ಬೇರೆ ಹೊಡೆದಿದ್ದ. ಬುದ್ಧಿ ಬೇಡವೆನ್ನುವಷ್ಟರಲ್ಲಿ ಬೆರಳು ಕೊಕ್ಕೆಯನ್ನು ಕಿತ್ತಾಗಿತ್ತು.

"ಲೋ, ವಾಲ್ಟರ್ ಹೇಳಿದ್ದು ಮರ್ತೋಯ್ತಾ? ಇದು ಕೌಂಟ್ ಆಗಲ್ಲ ಕಣೋ" ಎಂದ ಗೋಪಿನಾಥ.

"ಗೋಪಿ, ಪ್ಲೀಸ್, ಸುಮ್ನಿರೋ."

ಅಷ್ಟರಲ್ಲಿ ವಾಲ್ಟರ್ ತಕ್ಕಡಿ ಹಿಡಿದುಕೊಂಡು ಓಡಿಬಂದ. ಪಕ್ಕದವನು ತೂಗಿ ರುಜು ಹಾಕಬೇಕೆಂಬುದು ಕ್ಲಬ್ಬಿನ ಪದ್ಧತಿ. ಮೀನಿನ ಬಾಯನ್ನು ಅವನು ನೋಡಲೇ ಇಲ್ಲ. ಕೊಕ್ಕೆ ಎಲ್ಲಿ ಸಿಕ್ಕಿತ್ತೆಂದು ಕೇಳಲೂ ಇಲ್ಲ. ಇಪ್ಪತ್ತನಾಲ್ಕೂವರೆ ಪೌಂಡು ಎಂದು ಬರೆದು ರುಜು ಹಾಕಿ, ಗೆದ್ದವನ ಬೆನ್ನು ತಟ್ಟಿದ.

"ನಿನ್ನ ಗೆಳೆಯ ಏನೋ ಕೂಗಿದನಲ್ಲ, ಏನದು?"

ಇನಾಯತುಲ್ಲಾ ಗೋಪಿನಾಥನ ಮುಖ ನೋಡದೆ ಇಂಗ್ಲಿಷಿನಲ್ಲಿ ಹೇಳಿದ: "ಆಹಾ, ಎಂಥಾ ಚೆಂದದ ಮೀನು ಅಂದ."

ಮುದುಕನಿಗೆ ಖುಷಿಯೋ ಖುಷಿ. ಗೋಪಿನಾಥನ ಕಡೆ ತಿರುಗಿ, "ಇನ್ನೊಂದು ಸಲ ಹೇಳು, ನಿಧಾನವಾಗಿ. ನಾನೂ ಕಲಿತುಕೊಳ್ಳುತ್ತೇನೆ" ಎಂದ. ಗೋಪಿನಾಥ ಇನಾಯತುಲ್ಲಾನನ್ನೇ ನೆಟ್ಟ ಕಣ್ಣಿನಿಂದ ನೋಡುತ್ತ, ಒಂದೊಂದೇ ಅಕ್ಷರ ಬಿಡಿಸಿ ಹೇಳಿಕೊಟ್ಟ. "ಬಾ-ಯಿ-ಗಲ್ಲ. ರೆ-ಕ್ಕೆ-ಗೆ." ವಾಲ್ಟರ್ ಅದನ್ನು ಬಾಯಲ್ಲೇ ಉರು ಹೊಡೆಯುತ್ತ, ತಾನೇ ನೀರಿಗಿಳಿದು ಗೆಂಡೆಯನ್ನು ಮೆಲ್ಲಗೆ ಬಿಟ್ಟುಬಂದ. ಇನಾಯತುಲ್ಲಾನಿಗೆ ತಾನೂ ಅದರ ಹಿಂದೆಯೇ ನೀರಿಗೆ ಇಳಿದುಹೋಗಿಬಿಡೋಣ ಎನ್ನಿಸಿತು. ಹೇಳಿಬಿಡಲು ಆಗಲೂ ಸಮಯವಿತ್ತು. ಹೇಳಲಿಲ್ಲ, ಪುಣ್ಯಾತ್ಮ.

ಬಹುಮಾನದ ಹೊತ್ತಿಗೆ ಕ್ರಿಕೆಟ್ ಟೀಮಿನವರೆಲ್ಲ ಬಂದು ಶಿಳ್ಳೆ ಹಾಕುತ್ತಿದ್ದರು. ಮುಂದಿನ ಸಾಲಿನಲ್ಲಿ ಅವನ ಹೆಂಡತಿ ಶಕೀಲಾ. ಬೆಳಿಗ್ಗೆ ಐದಕ್ಕೆ ಎದ್ದು ರಾಗಿ ನಾದಿಕೊಟ್ಟವಳು ಅವಳೇ. ಅವಳು ನಾದುತ್ತಿದ್ದಾಗ ಪಕ್ಕದಲ್ಲಿ ನಿಂತು, ಸ್ಪರ್ಧೆಯ ನಿಯಮಗಳನ್ನು ಒಂದೂ ಬಿಡದೆ ಓದಿ ಹೇಳಿದವನು ಇವನೇ. ಕಪ್ಪು ಕೈಗೆ ಬಂದಾಗ ಅವಳ ಕಡೆ ನೋಡಿ ನಗಲು ಹೋದ. ನಗು ಬರಲಿಲ್ಲ.

ಎರಡನೇ ಬಹುಮಾನ ತೆಗೆದುಕೊಂಡ ವಾಲ್ಟರ್ ಮೈಕು ಬಿಡಲಿಲ್ಲ. "ಇವತ್ತು ನನ್ನನ್ನು ಸೋಲಿಸಿದವನು ಒಬ್ಬ ಜಂಟಲ್‌ಮನ್. ಒಳ್ಳೆಯ ಮೀನು ಕಂಡರೆ ಅವನ ಭಾಷೆಯಲ್ಲಿ ಒಂದು ಮಾತು ಹೇಳುತ್ತಾರಂತೆ. ಒಂದು ಗಂಟೆಯಿಂದ ಪ್ರಾಕ್ಟೀಸ್ ಮಾಡಿದ್ದೇನೆ. ಎಲ್ಲರೂ ನನ್ನ ಜೊತೆ ಹೇಳಿ!" ಎಂದು ಇನಾಯತುಲ್ಲಾನ ಕೈಯನ್ನು ಮೇಲಕ್ಕೆತ್ತಿ ಹಿಡಿದು ಕೂಗಿದ.

ಶಿಳ್ಳೆಗಳು ಒಂದೊಂದಾಗಿ ನಿಂತವು. ಶಕೀಲಾಳ ಚಪ್ಪಾಳೆಯ ಕೈಗಳು ಅರ್ಧದಲ್ಲೇ ತಡೆದು ನಿಂತವು. ಅವಳು ಗಂಡನ ಮುಖ ನೋಡಿದಳು, ಆಮೇಲೆ ತಲೆ ತಗ್ಗಿಸಿ ನಿಂತಿದ್ದ ಗೋಪಿನಾಥನ ಮುಖ ನೋಡಿದಳು. ಸುತ್ತಲಿನ ನಲವತ್ತು ಅಮೆರಿಕನ್ನರು ಮಾತ್ರ, ಕಪ್ಪು ಹಿಡಿದು ನಿಂತವನ ಕಡೆ ಪ್ರೀತಿಯಿಂದ ಕೈ ಬೀಸುತ್ತ, ಗಂಟಲು ಹರಿಯುವ ಹಾಗೆ ಒಟ್ಟಿಗೆ ಕೂಗುತ್ತಲೇ ಇದ್ದರು:

"ಬಾಯಿಗಲ್ಲ! ರೆಕ್ಕೆಗೆ! ಬಾಯಿಗಲ್ಲ! ರೆಕ್ಕೆಗೆ!"