ತಿಪ್ಪೆಯ ಮೇಲಿನ ಮೊರ

ಹಸುಗೂಸನ್ನು ಮಲಗಿಸಿದ್ದ ಮೊರವನ್ನು ಅತ್ತೆ ತಿಪ್ಪೆಯ ಮೇಲಿಟ್ಟಳು ಅಷ್ಟೇ, ಹಸಿ ಬಾಣಂತಿ ಈಶ್ವರಮ್ಮ ಹೊಸಿಲು ದಾಟಿ ಓಡಿಬಂದು ಕೂಸನ್ನು ಬಾಚಿಕೊಂಡಳು.

“ಮೂರು ಹೋದ್ವು. ಕಸ ಅಂದ್ಕಂಡು ತಿಪ್ಪಮ್ಮ ಅಂತ ಕೂಗಿದ್ರೆ, ಇದಾದ್ರೂ ದೇವ್ರ ಕಣ್ಣಿಗೆ ಬೀಳ್ದಂಗೆ ಉಳೀತದೆ ಕಣಮ್ಮ,” ಅತ್ತೆ ಗದರಿದಳು. “ನನ್ನೂ ಇಂಗೇ ಉಳಿಸ್ಕಂಡ್ರು.”

“ಕೊಟ್ಟೋನಿಗೇ ಮೋಸ ಮಾಡೋದಾ?” ಈಶ್ವರಮ್ಮ ಕೂಸನ್ನು ಎದೆಗವಚಿಕೊಂಡು ಸಿಡುಕಿದಳು. “ಮೂರನ್ನ ಮಣ್ಣಿಗಿಟ್ಟಾಗ್ಲೂ ಅವನಿಗೆ ದೀಪ ಹಚ್ಚೋದು ಬುಡ್ಲಿಲ್ಲ ನಾನು. ಈಗ ಕೂಸು ಕೊಟ್ಟವ್ನೆ, ಕಳ್ಳನ್ನ ಕಂಡಂಗೆ ಬಚ್ಚಿಡ್ಲಾ? ಚೆಲುವಮ್ಮ ಅಂತಾನೇ ಇಡ್ತೀನಿ. ಅವನಿಗೂ ಕೇಳ್ಸಂಗೆ ಕೂಗು, ಅತ್ತೆ!”

ಅರವತ್ತು ವರ್ಷ ತಿಪ್ಪಮ್ಮನಾಗಿಯೇ ಬದುಕಿದ್ದ ಅತ್ತೆ ಖಾಲಿ ಮೊರವನ್ನು ತಿಪ್ಪೆಯಿಂದ ಎತ್ತಿಕೊಂಡಳು. ಆಮೇಲೆ ಕೂಸಿನ ಹಿಮ್ಮಡಿಗೆ ಮೆತ್ತಿದ್ದ ಬೂದಿಯನ್ನು ಸೆರಗಿನಿಂದ ಒರೆಸಿ, ಕೇರಿಗೆಲ್ಲ ಕೇಳುವಂತೆ ಕೂಗಿದಳು: “ಚೆಲುವಮ್ಮಾ!”