ಎರಡು ಮೀಟರ್ ಹಿಂದಕ್ಕೆ

ಸುರಂಗ ಕುಸಿದು ಅಂದಿಗೆ ಮೂರನೆಯ ದಿನ. ಬಾಯಿಯಿಂದ ನಾಲ್ಕು ಕಿಲೋಮೀಟರ್ ಒಳಗೆ, ಎರಡು ಮಣ್ಣಿನ ರಾಶಿಗಳ ನಡುವಿನ ಕಿರಿದಾದ ಪೊಳ್ಳಿನಲ್ಲಿ ಏಳು ಜನ ಸಿಕ್ಕಿಬಿದ್ದಿದ್ದರು. ಬೆಟ್ಟದ ಮೇಲಿಂದ ಕೊಳವೆ ಇಳಿಸಿದರಷ್ಟೇ ಅವರಿಗೆ ಗಾಳಿ. ಇನ್ನೊಂದು ಸಲ ಕೊರೆಯುವಷ್ಟು ಸಮಯವಿರಲಿಲ್ಲ.

ಬೆಳಿಗ್ಗೆಯಷ್ಟೇ ಬೇರೆ ಜಿಲ್ಲೆಯಿಂದ ಬಂದಿದ್ದ ಸರ್ವೆಯರ್ ವಾರಿಜಾ ಇನ್ನೇನು ಕೊರೆಯಲಿದ್ದ ಯಂತ್ರ ನಿಲ್ಲಿಸಿದಳು.

“ಕೊರೆಯೋ ಜಾಗದ ಗೂಟ ಎರಡು ಮೀಟರ್ ಹಿಂದಕ್ಕೆ, ಸುರಂಗದ ಬಾಯಿ ಕಡೆಗೆ ಬರ್ಬೇಕು ಸಾರ್. ಉಪಗ್ರಹದಿಂದ ಸಿಕ್ಕಿದ್ದು ನಕ್ಷೆಯ ದೂರ. ಕುಸಿಯೋ ಮೊದ್ಲು ಸುರಂಗದೊಳಗೆ ಟೇಪ್ ಹಿಡಿದು ಅಳೆದಿದ್ದು ನೆಲದ ದೂರ. ಇಷ್ಟು ಎತ್ತರದಲ್ಲಿ ಎರಡೂ ಒಂದೇ ಆಗಲ್ಲ, ನಾಲ್ಕು ಕಿಲೋಮೀಟರಿಗೆ ಎರಡು ಮೀಟರ್ ವ್ಯತ್ಯಾಸ ಬರುತ್ತೆ.”

“ನಿಮ್ಮ ಲೆಕ್ಕ ತಪ್ಪಿದ್ರೆ?” ಎಂಜಿನಿಯರ್ ರೇಗಿದರು. “ಒಳಗಿರೋರು ನಿಮ್ಮೋರೇ ಆಗಿದ್ರೆ ಹಿಂಗೆ ಹಟ ಮಾಡ್ತಿದ್ರಾ?”

ವಾರಿಜಾ ಲೆಕ್ಕವನ್ನು ಮತ್ತೊಮ್ಮೆ ನೋಡಿ, ಹೊಣೆ ತನ್ನದೆಂದು ಹಾಳೆಗೆ ಸಹಿ ಹಾಕಿಕೊಟ್ಟಳು. ತಾನೇ ಗೂಟ ಕಿತ್ತು ಹಿಂದಕ್ಕೆ ನೆಟ್ಟಳು.

ಮಧ್ಯಾಹ್ನದ ಹೊತ್ತಿಗೆ ಕೊರೆಯುವ ಸದ್ದು ಹಗುರಾಯಿತು. ಕೊಳವೆ ಪೊಳ್ಳಿಗೆ ಇಳಿದಿತ್ತು. ಅವಳು ಮಂಡಿಯೂರಿ ಕೊಳವೆಯೊಳಕ್ಕೆ ಕೂಗಿದಳು.

“ಎಷ್ಟು ಜನ ಇದ್ದೀರಪ್ಪಾ?”

ಕೆಳಗಿನಿಂದ ಕ್ಷೀಣವಾದ ದನಿ ಬಂತು.

“ಏಳೂ ಜನ ಇದ್ದೀವಿ. ವಾರಿಜಕ್ಕಾ, ನೀನೇನಾ? ಮೊದ್ಲು ಅಮ್ಮಂಗೆ ಫೋನ್ ಮಾಡೇ.”